‘ಚರ್ಚೆ ನಡೆಯಿತು’ ಅಂತ ಬರೆದ ಮೇಲೆ

ನಮ್ಮ ಸಂಘಟನೆಯ ನಡಾವಳಿ ಪುಸ್ತಕದಲ್ಲಿ ಒಂದು ಪುಟ ಇದೆ. ನನ್ನದೇ ಕೈಬರಹ. ‘ಚುನಾವಣೆಯಲ್ಲಿ ಯಾರನ್ನು ಬೆಂಬಲಿಸಬೇಕು ಎಂಬ ಬಗ್ಗೆ ಚರ್ಚೆ ನಡೆಯಿತು. ತೀರ್ಮಾನವನ್ನು ಮುಂದಿನ ಸಭೆಗೆ ಮುಂದೂಡಲಾಯಿತು.’ ಅಷ್ಟೇ, ಎರಡು ಸಾಲು.

ಆ ರಾತ್ರಿ ನಡೆದದ್ದು ಬೇರೆ. ನಾವು ಮೂವತ್ತು ಜನ ಇದ್ದೆವು. ಯಾರ ಹತ್ತಿರವೂ ಹಣ ಇಲ್ಲ, ಹುದ್ದೆ ಇಲ್ಲ. ಕೆಲಸ ಮುಗಿಸಿ ಸಂಜೆ ಸೇರುವ ಜನ. ಒಬ್ಬ ಅಭ್ಯರ್ಥಿಗೆ ಬೆಂಬಲ ಕೊಡಬೇಕೋ, ಯಾರ ಜೊತೆಗೂ ಸೇರದೆ ದೂರ ಉಳಿಯಬೇಕೋ ಅನ್ನುವುದು ವಿಷಯ. ದೂರ ಉಳಿಯೋಣ ಅಂತ ಒಬ್ಬ ಹೆಣ್ಣುಮಗಳು ಹೇಳಿದಳು. ಮನೆ ಮನೆಗೆ ಹೋಗಿ ಜನರನ್ನು ಮಾತಾಡಿಸುವ ಕೆಲಸದಲ್ಲಿ ಅವಳಷ್ಟು ಓಡಾಡಿದವರು ನಮ್ಮಲ್ಲಿ ಇರಲಿಲ್ಲ. ಅವಳು ಮಾತು ಮುಗಿಸುವ ಮೊದಲೇ ಒಬ್ಬರು ಎದ್ದು ನಿಂತು, ‘ನಿನ್ನನ್ನ ಯಾರು ಕಳಿಸಿದ್ದು ಇಲ್ಲಿಗೆ?’ ಅಂದರು. ಇನ್ನೊಬ್ಬರು ನಕ್ಕರು. ಅವಳು ಏನೋ ಹೇಳಲು ಹೋದಳು, ಮೂರು ಜನ ಒಟ್ಟಿಗೆ ಬಾಯಿ ಹಾಕಿದರು. ಅವಳು ಚೀಲ ತೆಗೆದುಕೊಂಡು ಎದ್ದು ಹೋದಳು.

ನಾನು ಪೆನ್ನು ಹಿಡಿದುಕೊಂಡು ಕೂತಿದ್ದೆ. ‘ಚರ್ಚೆ ನಡೆಯಿತು’ ಅಂತ ಬರೆದೆ.

ಮುಂದಿನ ಸಭೆಗೆ ಅವಳು ಬರಲಿಲ್ಲ. ಅದರ ಮುಂದಿನದಕ್ಕೆ ಇನ್ನೂ ಮೂವರು ಬರಲಿಲ್ಲ. ಅವರು ಯಾರೂ ಜಗಳ ಆಡಿದವರಲ್ಲ, ಸುಮ್ಮನೆ ನೋಡುತ್ತಾ ಕೂತಿದ್ದವರು. ನಮ್ಮ ಸಂಚಾಲಕರಿಗೆ ಗಾಬರಿಯಾಯಿತು. ‘ಒಂದು ನಡವಳಿಕೆ ನಿಯಮ ಬೇಕು, ನೀವೇ ಬರೀರಿ, ಹೇಗೂ ಬರೆಯೋದು ನೀವೇ ಅಲ್ವಾ’ ಅಂದರು. ನಾನು ಅಲ್ಲೇ ಕೂತು ಒಂದು ಸಾಲು ಬರೆದೆ. ‘ಸದಸ್ಯರೆಲ್ಲರೂ ಪರಸ್ಪರ ಗೌರವದಿಂದ ನಡೆದುಕೊಳ್ಳಬೇಕು.’ ಎರಡೇ ನಿಮಿಷದಲ್ಲಿ ಎಲ್ಲರೂ ಕೈ ಎತ್ತಿ ಒಪ್ಪಿದರು. ಅವಳಿಗೆ ‘ಯಾರು ಕಳಿಸಿದ್ದು’ ಅಂದವರು ಎಲ್ಲರಿಗಿಂತ ಮೊದಲು ಕೈ ಎತ್ತಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಆ ಸಾಲು ಹಿಡಿದುಕೊಂಡು ಅವಳನ್ನು ನೋಡಲು ಹೋದೆ. ಕರೆದರೆ ಬರುತ್ತಾಳೆ ಅಂತ ನನ್ನ ಲೆಕ್ಕ. ಅವಳು ಓದಿ, ಹಾಳೆ ನನ್ನ ಕೈಗೇ ಕೊಟ್ಟಳು. ‘ಅಣ್ಣ, ಅವತ್ತು ಕೂಗಾಡಿದವರಿಗೆ ತಾವು ಅಗೌರವ ತೋರಿಸ್ತಿದ್ದೇವೆ ಅಂತ ಅನ್ನಿಸಲೇ ಇಲ್ಲ. ಇದನ್ನ ಓದಿದರೆ ಅವರಿಗೆ ಏನು ಗೊತ್ತಾಗುತ್ತೆ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಸಂಘಟನೆಗೆ ವಾಪಸ್ ಬರಲೂ ಇಲ್ಲ. ಈಗಲೂ ಬಂದಿಲ್ಲ.

ಗೌರವ ಅನ್ನುವ ಪದ ಒಳ್ಳೆಯದೇ. ಆದರೆ ಅದನ್ನು ಕಣ್ಣಿಂದ ನೋಡಲು ಆಗುವುದಿಲ್ಲ. ಒಬ್ಬರ ಮಾತಿನ ಮಧ್ಯೆ ಬಾಯಿ ಹಾಕಿದ್ದು ಕಾಣುತ್ತದೆ. ನಕ್ಕದ್ದು ಕಾಣುತ್ತದೆ. ಇದು ಹೊಳೆದ ಮೇಲೆ, ಬೇರೆಯವರು ಏನು ಬರೆದುಕೊಂಡಿದ್ದರು ಅಂತ ಹುಡುಕಿ ಓದಲು ಶುರು ಮಾಡಿದೆ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಮೆರಿಕದ ನ್ಯಾಶ್‌ವಿಲ್ ಊರಿನ ಕಪ್ಪು ವಿದ್ಯಾರ್ಥಿಗಳು. 1960ರ ಫೆಬ್ರವರಿಯಲ್ಲಿ ಅವರು ಅಂಗಡಿಗಳಲ್ಲಿ ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಊಟದ ಕೌಂಟರ್‌ಗಳಲ್ಲಿ ಹೋಗಿ ಕೂರಲು ಶುರು ಮಾಡಿದರು. ಅದಕ್ಕೆ ಮೊದಲು ತಿಂಗಳುಗಟ್ಟಲೆ, ಅಹಿಂಸೆಯ ಹೋರಾಟ ಕಲಿಸುತ್ತಿದ್ದ ಜೇಮ್ಸ್ ಲಾಸನ್ ಈ ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟಿದ್ದರು. ತಮ್ಮೊಳಗೇ ಕೆಲವರು ಬೈಯುವವರಾಗಿ, ತಳ್ಳುವವರಾಗಿ ನಟಿಸುತ್ತಿದ್ದರು. ಉಳಿದವರು ತಡೆದುಕೊಂಡು ಕೂರುವುದನ್ನು ಕಲಿಯುತ್ತಿದ್ದರು. ಆ ವಿದ್ಯಾರ್ಥಿಗಳಲ್ಲೇ ಇಬ್ಬರು, ಜಾನ್ ಲೂಯಿಸ್ ಮತ್ತು ಬರ್ನಾರ್ಡ್ ಲಾಫಯೆಟ್, ಬರೆದ ನಿಯಮಗಳನ್ನು ಎಲ್ಲರಿಗೂ ಹಂಚಿದ್ದರು. ಅದರಲ್ಲಿ ಏನಿತ್ತು ಗೊತ್ತಾ? ಹೊಡೆದರೆ ತಿರುಗಿ ಹೊಡೆಯಬೇಡಿ, ಬೈದರೆ ಬೈಯಬೇಡಿ. ಜೋರಾಗಿ ನಗಬೇಡಿ. ನೆಟ್ಟಗೆ ಕೂರಿ, ಮುಖ ಕೌಂಟರ್ ಕಡೆಗೇ ಇರಲಿ. ಮುಂದಾಳು ಹೇಳದೆ ಜಾಗ ಬಿಟ್ಟು ಏಳಬೇಡಿ. ಬೆನ್ನು ಹೇಗಿರಬೇಕು, ಮುಖ ಎತ್ತ ಇರಬೇಕು ಅನ್ನುವವರೆಗೆ ಬರೆದಿದ್ದರು. ಜೀವಕ್ಕೆ ಅಪಾಯ ಇದ್ದ ಕಡೆ ಹೋಗುವವರಿಗೆ ‘ಸಭ್ಯವಾಗಿರಿ’ ಅಂತ ಒಂದೇ ಮಾತು ಹೇಳಿ ಕಳಿಸಿರಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಆ ಊರಿನ ಕೌಂಟರ್‌ಗಳು ಅವರಿಗೆ ತೆರೆದುಕೊಂಡವು.

ಇನ್ನೊಂದು, ಹೆನ್ರಿ ರಾಬರ್ಟ್ ಅನ್ನುವ ಸೈನ್ಯದ ಎಂಜಿನಿಯರ್ ಕಥೆ. 1863ರಲ್ಲಿ ಅವನನ್ನು ಒಂದು ಸಭೆಯ ಅಧ್ಯಕ್ಷತೆಗೆ ಕೂರಿಸಿದರು. ಸಭೆ ಗದ್ದಲವಾಗಿ ಕೈ ತಪ್ಪಿತು. ಅವನಿಗೆ ಎಷ್ಟು ಮುಜುಗರವಾಯಿತು ಅಂದರೆ ಸಭೆ ನಡೆಸುವ ಕ್ರಮವನ್ನೇ ಕಲಿಯಲು ಕೂತ. 1876ರಲ್ಲಿ ಪುಸ್ತಕವಾಗಿ ತಂದ. ಅದರ ಬಹಳಷ್ಟು ಭಾಗ ನಮ್ಮಂಥ ಮೂವತ್ತು ಜನರ ಗುಂಪಿಗೆ ಅತಿಯಾಯಿತು. ಆದರೆ ಒಂದು ಮಾತು ಅದರಿಂದ ಹಾಗೇ ಎತ್ತಿಕೊಂಡೆವು: ಠರಾವಿನ ಬಗ್ಗೆ ಏನು ಬೇಕಾದರೂ ಹೇಳಿ, ಅದನ್ನು ತಂದವರ ಉದ್ದೇಶಕ್ಕೆ ಕೈ ಹಾಕಬೇಡಿ. ‘ನಿನ್ನನ್ನ ಯಾರು ಕಳಿಸಿದ್ದು’ ಅನ್ನುವುದಕ್ಕೆ ಇದಕ್ಕಿಂತ ನೇರ ಉತ್ತರ ನನಗೆ ಸಿಕ್ಕಿಲ್ಲ.

ಓದಿದ್ದು ಸಾಕು ಅನ್ನಿಸಿದಾಗ ಎಣಿಸಲು ಶುರು ಮಾಡಿದೆ. ನಡಾವಳಿ ಪುಸ್ತಕದ ಹಿಂದಿನ ಪುಟದಲ್ಲಿ ಗೆರೆ ಹಾಕಿಕೊಂಡು, ಯಾರು ಯಾರ ಮಾತಿನ ಮಧ್ಯೆ ಬಾಯಿ ಹಾಕಿದರು ಅಂತ ಗುರುತು ಮಾಡುತ್ತಾ ಹೋದೆ. ಮೂರು ಸಭೆ ಹೀಗೆ ಮಾಡಿದೆ. ಮೊದಲ ಸಭೆಯಲ್ಲಿ ಹತ್ತೊಂಬತ್ತು ಸಲ. ಅದರಲ್ಲಿ ಹನ್ನೊಂದು ಸಲ ಇಬ್ಬರೇ. ಬಾಯಿ ಹಾಕಿಸಿಕೊಂಡವರೂ ಹೆಚ್ಚುಕಡಿಮೆ ಪ್ರತಿ ಸಲ ಅದೇ ಜನ: ಹೆಂಗಸರು, ಹೊಸಬರು, ನಿಧಾನವಾಗಿ ಮಾತಾಡುವವರು. ಪಟ್ಟಿ ಓದಿದಾಗ ಆ ಇಬ್ಬರಲ್ಲಿ ಒಬ್ಬರು ನಿಜವಾಗಿಯೂ ಬೆಚ್ಚಿದರು. ‘ನಾನಾ? ಹನ್ನೊಂದರಲ್ಲಿ ಏಳು ನಂದೇನಾ?’ ಅಂತ ಎರಡು ಸಲ ಕೇಳಿದರು. ಕೆಟ್ಟ ಮನುಷ್ಯರಲ್ಲ ಅವರು. ಅವರ ಕಿವಿಗೆ ಅವರ ದನಿ ಬಿದ್ದೇ ಇರಲಿಲ್ಲ.

ಈ ಪಟ್ಟಿಯಲ್ಲಿ ಒಂದು ತಪ್ಪಿತ್ತು. ಅದು ನನಗೆ ಗೊತ್ತಾದದ್ದು ತುಂಬ ತಡವಾಗಿ. ಅಲ್ಲಿಗೆ ಬರುತ್ತೇನೆ.

ನಿಯಮ ಬರೆಯಲು ಐದು ಜನ ಕೂತೆವು. ಒಂದು ವಾರದ ಕೆಲಸ ಅಂದುಕೊಂಡಿದ್ದೆವು, ಮೂರು ತಿಂಗಳು ಹಿಡಿಯಿತು. ಮೊದಲ ಜಗಳವೇ ‘ನೀನು’, ‘ನೀವು’ ಬಗ್ಗೆ. ನಮ್ಮಲ್ಲಿ ಐವತ್ತು ದಾಟಿದವರನ್ನು ಎಲ್ಲರೂ ‘ನೀವು’ ಅನ್ನುತ್ತಿದ್ದರು. ಇಪ್ಪತ್ತರ ಹುಡುಗರು ‘ನೀನು’, ಒಮ್ಮೊಮ್ಮೆ ‘ಬಾರೋ, ಹೋಗೋ’. ಹೆಣ್ಣುಮಕ್ಕಳಿಗೆ ‘ಏನಮ್ಮಾ’. ಸಭೆಯಲ್ಲಿ ಎಲ್ಲರಿಗೂ ‘ನೀವು’ ಅನ್ನೋಣ ಅಂತ ಒಬ್ಬಳು ಹೇಳಿದಳು. ಹಿರಿಯರೊಬ್ಬರಿಗೆ ಅದು ಸರಿಬರಲಿಲ್ಲ. ‘ಪ್ರೀತಿಯಿಂದ ನೀನು ಅಂತೀವಿ, ಅದನ್ನೂ ಕಿತ್ಕೊಳ್ತೀರಾ?’ ಅಂದರು. ಆಗ ಒಬ್ಬ ಹುಡುಗ ಮೆಲ್ಲಗೆ, ‘ಪ್ರೀತಿ ಇದ್ದರೆ ನಾವೂ ನಿಮಗೆ ನೀನು ಅನ್ನಬಹುದಾ?’ ಅಂತ ಕೇಳಿದ. ಎಲ್ಲರೂ ನಕ್ಕರು. ಹಿರಿಯರು ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ‘ಬರ್ಕೊಳ್ಳಿ’ ಅಂದರು. ಸಭೆ ನಡೆಯುವಾಗ ಎಲ್ಲರಿಗೂ ಬಹುವಚನ. ಹೊರಗೆ ಅವರವರ ಸಲುಗೆ.

ಎರಡನೆಯ ಜಗಳ ದೊಡ್ಡದು. ಅದು ಸಿಟ್ಟಿನ ಬಗ್ಗೆ. ನಮ್ಮ ಮೊದಲ ಕರಡಿನಲ್ಲಿ ‘ಶಾಂತವಾಗಿ ಮಾತಾಡಬೇಕು’ ಅಂತ ಇತ್ತು. ಹಳೆಯ ಕಾರ್ಯಕರ್ತೆಯೊಬ್ಬರು ಆ ಸಾಲಿಗೆ ಬೆರಳಿಟ್ಟರು. ‘ನಾವು ಈ ಸಂಘಟನೆ ಕಟ್ಟಿದ್ದೇ ಸಿಟ್ಟು ಬಂದು. ಅನ್ಯಾಯ ಆದವನು ಅಳುತ್ತಾ ಕೂಗಿದರೆ ಅದು ತಪ್ಪು, ಅನ್ಯಾಯ ಮಾಡಿದವನು ನಗುನಗುತ್ತಾ ಮಾತಾಡಿದರೆ ಅದು ಸಭ್ಯತೆ. ಹೀಗಂತೀರಾ?’ ಅವರು ಹೇಳಿದ್ದು ಸರಿ. ಮೆದು ದನಿಯಲ್ಲಿ ಚುಚ್ಚುವವರು ನಮ್ಮಲ್ಲೇ ಇದ್ದರು. ಅವರ ಮಾತಿನಲ್ಲಿ ಒಂದು ಬೈಗುಳವೂ ಇರುತ್ತಿರಲಿಲ್ಲ, ಕೇಳಿದವರು ಮಾತ್ರ ಮನೆಗೆ ಹೋಗಿ ನಿದ್ದೆ ಮಾಡುತ್ತಿರಲಿಲ್ಲ. ಆ ಸಾಲು ಹೊಡೆದುಹಾಕಿದೆವು. ಅದರ ಜಾಗಕ್ಕೆ ಬಂದದ್ದು ಇದು: ‘ದನಿ ಎಷ್ಟು ಏರಿತು ಅನ್ನುವುದು ದೂರಿಗೆ ಕಾರಣವಾಗುವುದಿಲ್ಲ. ತೀರ್ಮಾನದ ಮೇಲೆ, ಕೆಲಸದ ಮೇಲೆ ಸಿಟ್ಟಾಗಬಹುದು. ಒಬ್ಬರ ಹುಟ್ಟು, ಮೈ, ಮನೆತನ, ಓದು, ಮಾತಾಡುವ ರೀತಿ ಇವುಗಳ ಮೇಲೆ ಆಡುವಂತಿಲ್ಲ. ಒಬ್ಬರು ಹಣ ಪಡೆದಿದ್ದಾರೆ, ಬೇರೆಯವರ ಕಡೆಯವರು ಅನ್ನುವುದಾದರೆ ಆಧಾರ ತಂದು ಬರೆದು ಕೊಡಬೇಕು.’ ಇಡೀ ಕಾಗದದಲ್ಲಿ ನನಗೆ ಹೆಮ್ಮೆ ಇರುವುದು ಈ ಭಾಗದ ಬಗ್ಗೆ ಮಾತ್ರ. ಅದು ನನ್ನ ಯೋಚನೆಯಲ್ಲ ಅನ್ನುವುದೂ ಹೇಳಿಬಿಡಬೇಕು.

ಮಾತಿನ ಸರದಿಗೆ ಒಂದು ಚೀಟಿ ವ್ಯವಸ್ಥೆ ಮಾಡಿದೆವು. 2011ರಲ್ಲಿ ನ್ಯೂಯಾರ್ಕ್‌ನ ಜುಕಾಟಿ ಪಾರ್ಕಿನಲ್ಲಿ ಆರ್ಥಿಕ ಅಸಮಾನತೆಯ ವಿರುದ್ಧ ಬೀಡುಬಿಟ್ಟಿದ್ದ ಆಕ್ಯುಪೈ ವಾಲ್‌ಸ್ಟ್ರೀಟ್ ಚಳವಳಿಯವರು, ಮಾತಾಡುವವರ ಸಾಲಿನಲ್ಲಿ ಅಲ್ಲಿಯವರೆಗೆ ಮಾತಾಡದವರನ್ನು ಮುಂದಕ್ಕೆ ತರುತ್ತಿದ್ದರು. ನಾವೂ ಹಾಗೇ ಮಾಡಿದೆವು. ಒಮ್ಮೆ ಮಾತಾಡಿದವರು, ಮಾತಾಡದವರೆಲ್ಲ ಆದ ಮೇಲೆ. ಕೆಲವರಿಗೆ ಇದು ಶಿಕ್ಷೆ ಥರ ಇತ್ತು. ಮೊದಲ ಸಭೆಯಲ್ಲಿ ಒಬ್ಬರು ಕೈ ಎತ್ತಿಕೊಂಡೇ ಇಪ್ಪತ್ತು ನಿಮಿಷ ಕೂತಿದ್ದರು, ಕೈ ಬದಲಾಯಿಸುತ್ತಾ.

ಒಳಗಿನ ಮಾತು ಹೊರಗೆ ಹೋಗುವ ಬಗ್ಗೆ ಚಾಟಮ್ ಹೌಸ್ ನಿಯಮ ನೋಡಿದೆವು. 1927ರಲ್ಲಿ ಲಂಡನ್‌ನಲ್ಲಿ ಶುರುವಾದದ್ದು. ಸಭೆಯಲ್ಲಿ ಕೇಳಿದ್ದನ್ನು ಹೊರಗೆ ಹೇಳಬಹುದು, ಯಾರು ಹೇಳಿದರು ಅಂತ ಹೇಳಬಾರದು. ನಮಗೆ ಅದು ಪೂರ್ತಿ ಹೊಂದಲಿಲ್ಲ. ಪದಾಧಿಕಾರಿಗಳು ಏನು ಹೇಳಿದರು ಅಂತ ಜನರಿಗೆ ಗೊತ್ತಾಗಬೇಕು. ಉಳಿದ ಸದಸ್ಯರಿಗೆ ಮಾತ್ರ ಆ ಮರೆ ಕೊಟ್ಟೆವು. ಯಾರದೇ ಖಾಸಗಿ ಸಂದೇಶವನ್ನು ಫೋಟೊ ಹೊಡೆದು ಹಂಚುವಂತಿಲ್ಲ ಅಂತಲೂ ಸೇರಿಸಿದೆವು.

ಇನ್ನು ದೂರಿನ ಕ್ರಮ. ದೂರು ಕೇಳಲು ಇಬ್ಬರು, ಅವರು ಪದಾಧಿಕಾರಿಗಳಾಗಿರಬಾರದು. ದೂರು ಬರೆದೇ ಕೊಡಬೇಕು: ಯಾವತ್ತು, ಏನು ಹೇಳಿದ್ದು, ಏನು ಮಾಡಿದ್ದು. ಏನನ್ನಿಸಿತು ಅನ್ನುವುದು ಬೇಕಿದ್ದರೆ. ಎದುರಿನವರಿಗೆ ಅದನ್ನು ಓದಿ ಹೇಳಬೇಕು, ಉತ್ತರಕ್ಕೆ ಸಮಯ ಕೊಡಬೇಕು. ಮೊದಲು ಮಾತುಕತೆ, ಆಮೇಲೆ ಕ್ಷಮೆ, ಆಮೇಲೆ ಕೆಲವು ಸಭೆಗಳಿಂದ ದೂರ, ಕೊನೆಗೆ ಸದಸ್ಯತ್ವ ರದ್ದು. ಹೊಡೆತ, ಬೆದರಿಕೆ, ಲೈಂಗಿಕ ಕಿರುಕುಳ ಇದ್ದರೆ ಈ ದಾರಿಯೇ ಬೇಡ. ಅದನ್ನು ‘ಒಳಗೇ ಬಗೆಹರಿಸೋಣ’ ಅನ್ನುವಂತಿಲ್ಲ. ಕಾನೂನಿನ ಕಡೆ ಹೋಗುವವರ ಜೊತೆ ಸಂಘಟನೆ ನಿಲ್ಲಬೇಕು. ಇಲ್ಲಿ ಒಬ್ಬರು ‘ಸಂಘಟನೆಯ ಹೆಸರು ಕೆಡುತ್ತೆ’ ಅಂದರು. ಯಾರೂ ಅವರಿಗೆ ಉತ್ತರ ಕೊಡಲಿಲ್ಲ. ಅವರೇ ಹಿಂದಕ್ಕೆ ತೆಗೆದುಕೊಂಡರು.

ನಿಯಮ ಒಪ್ಪಿಗೆಯಾಯಿತು. ಎರಡು ತಿಂಗಳಾದ ಮೇಲೆ ಮೊದಲ ದೂರು ಬಂತು. ನನ್ನ ಮೇಲೆ.

ಕೊಟ್ಟವನು ಇಪ್ಪತ್ಮೂರು ವರ್ಷದ ಹುಡುಗ. ನನ್ನ ಜೊತೆ ಚೆನ್ನಾಗಿದ್ದವನು, ‘ಅಣ್ಣ’ ಅಂತ ಕರೆಯುತ್ತಿದ್ದವನು. ಮಾತಾಡುವಾಗ ಸ್ವಲ್ಪ ತಡವರಿಸುತ್ತಿದ್ದ. ದೂರಿನಲ್ಲಿ ಮೂರು ವಿಷಯ ಇದ್ದವು. ನಾನು ಮೂರು ಸಭೆಯಲ್ಲಿ ಅವನ ವಾಕ್ಯವನ್ನು ನಾನೇ ಮುಗಿಸಿದ್ದೆ, ‘ಅವನು ಹೇಳ್ತಿರೋದು ಏನಂದ್ರೆ’ ಅಂತ ಶುರು ಮಾಡಿ. ನಿಯಮ ಬಂದ ಮೇಲೂ ಸಭೆಯಲ್ಲಿ ಅವನಿಗೆ ಏಕವಚನ ಬಳಸಿದ್ದೆ. ಮತ್ತು ನಡಾವಳಿಯಲ್ಲಿ ಅವನ ಮಾತು ಒಂದು ಸಲವೂ ಅವನ ಹೆಸರಲ್ಲಿ ಬಂದಿರಲಿಲ್ಲ. ‘ಇತರರು ಮಾತನಾಡಿದರು’ ಅಂತ ಇತ್ತು. ಪುಟದ ಸಂಖ್ಯೆ ಸಮೇತ ಬರೆದಿದ್ದ.

ದೂರು ಕೈಗೆ ಬಂದಾಗ ಏನಾಯಿತು ಅಂತ ಇದ್ದ ಹಾಗೇ ಹೇಳಿಬಿಡುತ್ತೇನೆ. ಮೈಯೆಲ್ಲ ಉರಿಯಿತು. ಇವನಿಗಾಗಿ ನಾನು ಎಷ್ಟು ಮಾಡಿದ್ದೇನೆ ಅಂತ ಒಂದು ದೊಡ್ಡ ಪಟ್ಟಿಯೇ ತಲೆಯಲ್ಲಿ ಎದ್ದಿತು. ಅವನು ತಡವರಿಸುವಾಗ ಉಳಿದವರು ನಗಬಾರದು ಅಂತಲೇ ಅಲ್ವಾ ನಾನು ಮುಂದೆ ಬಂದದ್ದು? ರಾತ್ರಿ ಅವನಿಗೆ ಫೋನ್ ಮಾಡಿ ‘ಏನಪ್ಪಾ ಇದು’ ಅಂತ ಕೇಳಲು ಹೊರಟಿದ್ದೆ. ದೂರು ಕೊಟ್ಟವರನ್ನು ನೇರ ಸಂಪರ್ಕಿಸಬಾರದು ಅಂತ ನಾನೇ ಬರೆದಿದ್ದೆ. ಫೋನ್ ಕೆಳಗಿಟ್ಟೆ. ಆ ಸಾಲು ಬರೆಯುವಾಗ ಅದು ಬೇರೆ ಯಾರಿಗೋ ಅಂದುಕೊಂಡಿದ್ದೆ.

ದೂರು ಕೇಳುವ ಇಬ್ಬರಲ್ಲಿ ಒಬ್ಬರು ತುಂಬ ಕಡಿಮೆ ಮಾತಿನ ಹೆಂಗಸು. ನಾನು ಕೂತವನೇ ಇಪ್ಪತ್ತು ನಿಮಿಷ ನನ್ನ ಉದ್ದೇಶದ ಬಗ್ಗೆ ಮಾತಾಡಿದೆ. ಅವರು ಒಂದು ಸಲವೂ ಮಧ್ಯೆ ಬಾಯಿ ಹಾಕಲಿಲ್ಲ. ಅದೇ ನನಗೆ ಹಿಂಸೆಯಾಗುತ್ತಾ ಹೋಯಿತು. ಮುಗಿದ ಮೇಲೆ, ‘ನಿಮ್ಮ ಮನಸ್ಸಲ್ಲಿ ಏನಿತ್ತು ಅಂತ ಗೊತ್ತಾಯ್ತು. ಈಗ ಏನಾಯ್ತು ಅಂತ ಹೇಳಿ’ ಅಂದರು.

ಆಮೇಲೆ ನಡಾವಳಿ ಪುಸ್ತಕದ ಹಿಂದಿನ ಪುಟ ತೆಗೆದರು. ನಾನು ಗೆರೆ ಎಳೆದು ಎಣಿಸಿದ್ದ ಪಟ್ಟಿ. ‘ಇದರಲ್ಲಿ ನಿಮ್ಮ ಹೆಸರು ಎಲ್ಲಿ?’ ಅಂದರು.

ಇರಲಿಲ್ಲ. ನನ್ನೊಬ್ಬನನ್ನು ಬಿಟ್ಟು ಎಲ್ಲರನ್ನೂ ಎಣಿಸಿದ್ದೆ.

ಹಣ್ಣು ಹಂಚುವವನು ತನ್ನ ಪಾಲು ಮರೆಯುವುದಿಲ್ಲ. ತಪ್ಪು ಎಣಿಸುವವನು ಮಾತ್ರ ಮರೆಯುತ್ತಾನೆ. ಅಮೆರಿಕದ ಲೇಖಕಿ ಜೋ ಫ್ರೀಮನ್ 1970ರ ದಶಕದ ಶುರುವಿನಲ್ಲೇ ಸ್ತ್ರೀವಾದಿ ಗುಂಪುಗಳ ಬಗ್ಗೆ ಬರೆದದ್ದು ಆಗ ನೆನಪಾಯಿತು. ನಾಯಕರಿಲ್ಲ, ಎಲ್ಲರೂ ಸಮಾನ ಅನ್ನುವ ಗುಂಪಿನಲ್ಲೂ ಕಾಣದ ನಾಯಕರು ಇರುತ್ತಾರೆ, ಕಾಣದಿರುವುದರಿಂದ ಅವರನ್ನು ಯಾರೂ ಪ್ರಶ್ನೆ ಮಾಡಲು ಆಗುವುದಿಲ್ಲ. ಓದುವಾಗ ತಲೆದೂಗಿದ್ದೆ, ಸಂಚಾಲಕರನ್ನು ನೆನೆಸಿಕೊಂಡು. ಪೆನ್ನು ಯಾರ ಕೈಯಲ್ಲಿದೆ ಅನ್ನುವುದನ್ನು ಯೋಚಿಸಿರಲಿಲ್ಲ.

ಕ್ಷಮೆ ಬರೆದುಕೊಡಲು ಹೇಳಿದರು. ಮೊದಲ ಸಲ ಬರೆದೆ: ‘ನನ್ನ ಮಾತಿನಿಂದ ನಿಮಗೆ ಬೇಸರವಾಗಿದ್ದರೆ ಕ್ಷಮಿಸಿ.’ ಆಕೆ ಓದಿ, ‘ಆಗಿದ್ದರೆ ಅಂತ ಯಾಕೆ? ಆಗಿದೆ ಅಂತ ಬರೆದುಕೊಟ್ಟಿದ್ದಾರಲ್ಲ’ ಅಂದರು. ಎರಡನೆಯ ಸಲ: ‘ಒಳ್ಳೆಯ ಉದ್ದೇಶದಿಂದ ಮಾಡಿದರೂ ಬೇಸರವಾಗಿದೆ, ಕ್ಷಮಿಸಿ.’ ‘ಮೊದಲ ಅರ್ಧ ನಿಮಗೆ, ಎರಡನೇ ಅರ್ಧ ಅವರಿಗೆ’ ಅಂದರು. ಮೂರನೆಯ ಸಲ ನಾನು ಮಾಡಿದ್ದನ್ನು ಅವನು ಬರೆದ ಹಾಗೇ ಬರೆದೆ. ನಿಮ್ಮ ವಾಕ್ಯ ನಾನು ಮುಗಿಸಿದೆ. ಸಭೆಯಲ್ಲಿ ನಿಮಗೆ ಏಕವಚನ ಬಳಸಿದೆ. ನಿಮ್ಮ ಮಾತು ನಿಮ್ಮ ಹೆಸರಲ್ಲಿ ಬರೆಯಲಿಲ್ಲ. ತಪ್ಪಾಯಿತು, ಮತ್ತೆ ಮಾಡುವುದಿಲ್ಲ. ನಾಲ್ಕು ಸಾಲಾಯಿತು. ಅದಕ್ಕೆ ಒಂದು ಸಂಜೆ ಹಿಡಿಯಿತು.

ಅವನು ಓದಿ ‘ಸರಿ’ ಅಂದ. ತಬ್ಬಿಕೊಳ್ಳಲಿಲ್ಲ, ಏನೂ ಇಲ್ಲ. ಅಣ್ಣ ಅನ್ನುವುದನ್ನು ಬಿಟ್ಟು ಈಗ ಹೆಸರಿನ ಜೊತೆ ‘ಅವರೇ’ ಸೇರಿಸುತ್ತಾನೆ. ಅದು ನನಗೆ ಸ್ವಲ್ಪ ಚುಚ್ಚುತ್ತದೆ. ಚುಚ್ಚಲಿ.

ಈ ನಿಯಮ ದುರ್ಬಳಕೆ ಆಗಲಿಲ್ಲ ಅಂತ ಹೇಳಲಾರೆ. ಅಭ್ಯರ್ಥಿಯ ಬೆಂಬಲದ ವಿಷಯ ಮತ್ತೆ ಮತಕ್ಕೆ ಬಂದಾಗ, ಅದಕ್ಕೆ ಮೊದಲಿನ ಒಂದೇ ವಾರದಲ್ಲಿ ಆರು ದೂರು ಬಂದವು, ಎಲ್ಲ ಒಂದು ಕಡೆಯವರು ಇನ್ನೊಂದು ಕಡೆಯವರ ಮೇಲೆ. ‘ನನ್ನ ಅಭಿಪ್ರಾಯವನ್ನು ಅವಮಾನಿಸಿದರು’ ಅಂತ ಒಂದು. ದೂರು ಕೇಳುವ ಇಬ್ಬರೂ ಕೂತು ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿದರು: ಏನು ಮಾಡಿದರು, ಏನು ಹೇಳಿದರು? ಐದರಲ್ಲಿ ಸಿಕ್ಕಿದ್ದು ‘ಒಪ್ಪಲಿಲ್ಲ’ ಅನ್ನುವುದು ಮಾತ್ರ. ಅವು ವಾಪಸ್ ಹೋದವು. ಆರನೆಯದರಲ್ಲಿ ಹುರುಳಿತ್ತು. ಒಬ್ಬರು ಇನ್ನೊಬ್ಬರ ಖಾಸಗಿ ಸಂದೇಶ ಹಂಚಿದ್ದರು. ಅವರು ಎರಡು ಸಭೆ ಹೊರಗಿದ್ದರು. ಅವರು ಹಂಚಿದ್ದು ನನ್ನ ಕಡೆಗೆ ಅನುಕೂಲವಾಗುವಂಥದ್ದೇ. ಓದಿ ಖುಷಿಯನ್ನೂ ಪಟ್ಟಿದ್ದೆ.

ಮತದಲ್ಲಿ ಯಾರನ್ನೂ ಬೆಂಬಲಿಸುವುದು ಬೇಡ ಅಂತಾಯಿತು. ಎದ್ದು ಹೋದವಳು ಹೇಳಿದ್ದೂ ಅದನ್ನೇ. ಅವಳಿಗೆ ಸುದ್ದಿ ಮುಟ್ಟಿಸಿದೆ. ‘ಒಳ್ಳೇದಾಯ್ತು’ ಅಂತ ಉತ್ತರ ಬಂತು, ಅಷ್ಟೇ.

ನಡಾವಳಿ ಬರೆಯುವ ಕೆಲಸ ಈಗ ಸರದಿ ಪ್ರಕಾರ ಎಲ್ಲರಿಗೂ ಬರುತ್ತದೆ. ಕಳೆದ ಸಭೆಯದು ಆ ಹುಡುಗ ಬರೆದ. ಸಹಿ ಹಾಕುವಾಗ ಓದಿದೆ. ಅವನ ಅಕ್ಷರ ದುಂಡಗೆ, ಸ್ವಲ್ಪ ದೊಡ್ಡದು. ಯಾರು ಏನು ಹೇಳಿದರು ಅಂತ ಹೆಸರು ಹಾಕಿ ಬರೆದಿದ್ದ. ಮೂರನೆಯ ಪುಟದಲ್ಲಿ ನನ್ನ ಹೆಸರಿನ ಮುಂದೆ ಹೀಗಿತ್ತು: ‘ಮಧ್ಯದಲ್ಲಿ ಮಾತಾಡಲು ಹೋದರು. ಸರದಿ ಬರಲಿ ಎಂದು ಹೇಳಲಾಯಿತು. ಕಾದರು.’